ಗಡಿಯಾಚೆ ದುಡಿಮೆಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಚಾಮರಾಜನಗರ, ಕೊಳ್ಳೇಗಾಲ, ಹನೂರು, ಗುಂಡ್ಲುಪೇಟೆ ಸೀಮೆಗಳಿಂದ ವೆಳ್ಳಕೋಯಿಲ್, ಕಾಂಗೇಯಂ, ತಿರುಪ್ಪೂರಿನ ಕಡೆಗೆ ಕೆಲಸಕ್ಕೆ ಹೊರಟಿರುವ ಕನ್ನಡಿಗ ಬಂಧುಗಳಿಗೆ,

ವೆಳ್ಳಕೋಯಿಲ್ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ತಾಲ್ಲೂಕಿನ ಪುರಸಭೆ ಊರು. ಕೊಯಮತ್ತೂರಿನಿಂದ ಕರೂರು, ತಿರುಚ್ಚಿಗೆ ಹೋಗುವ ಹೆದ್ದಾರಿಯ ಮೇಲೆ, ಕಾಂಗೇಯಂ ಮತ್ತು ಕರೂರಿನ ನಡುವೆ ಸಿಗುತ್ತದೆ. ಸುತ್ತಲಿನದು ಮಳೆ ಕಡಿಮೆ ಬೀಳುವ ಬಯಲುಸೀಮೆ. ಹಾಗಾಗಿ ಇಲ್ಲಿ ಹೊಲದ ಕೂಲಿಗಿಂತ ಯಂತ್ರದ ಕೂಲಿ ಹೆಚ್ಚು. ಊರಿನಲ್ಲೂ ಸುತ್ತಮುತ್ತಲೂ ಪವರ್‌ಲೂಮ್ ಶೆಡ್ಡುಗಳು, ನೂಲಿನ ಗಿರಣಿಗಳು, ಎಣ್ಣೆ ಮಿಲ್ಲುಗಳಿವೆ. ಕಾಂಗೇಯಂ ಕಡೆ ಅಕ್ಕಿ ಗಿರಣಿ ಮತ್ತು ಕೊಬ್ಬರಿ ಒಣಗಿಸುವ ಕಣಗಳು, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳು. ಕೈ ಕೆಲಸ ಬಲ್ಲವರಿಗೂ ಬಾರದವರಿಗೂ ಇಲ್ಲಿ ಕೆಲಸ ಸಿಗುತ್ತದೆ. ತೊಡಕು ಬರುವುದು ಕೆಲಸ ಸಿಕ್ಕಿದ ಮೇಲೆ.

ಕೊಳ್ಳೇಗಾಲದವರಿಗೆ ಈ ಸೀಮೆ ತೀರಾ ಪರದೇಶವೇನೂ ಆಗಿರಲಿಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ವೆಳ್ಳಕೋಯಿಲ್ ಕೂಡ ಅದೇ ಜಿಲ್ಲೆಯ ಊರು. ಅದು ಮುಂದೆ ಈರೋಡ್ ಜಿಲ್ಲೆಗೆ, 2009ರಲ್ಲಿ ಹೊಸದಾಗಿ ರಚನೆಯಾದ ತಿರುಪ್ಪೂರು ಜಿಲ್ಲೆಗೆ ಸೇರಿತು. ಈಗ ಗಡಿ ದಾಟಲು ಪಾಸ್‌ಪೋರ್ಟು, ವೀಸಾ ಏನೂ ಬೇಡ. ಆದರೆ ಪುಣಜನೂರು ಚೆಕ್‌ಪೋಸ್ಟ್ ದಾಟಿದ ಕೂಡಲೇ ಕಚೇರಿಯ ಭಾಷೆ, ಬಸ್ಸಿನ ಬೋರ್ಡು, ಶಾಲೆಯ ಪಠ್ಯ, ಸರ್ಕಾರಿ ಯೋಜನೆಗಳು ಎಲ್ಲವೂ ಬೇರೆಯಾಗುತ್ತವೆ. ಕೆಲವು ಹಕ್ಕುಗಳು ದುಡಿಯುವವರ ಜೊತೆಗೇ ಗಡಿ ದಾಟುತ್ತವೆ, ಕೆಲವು ಊರಿನಲ್ಲೇ ಉಳಿಯುತ್ತವೆ. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದು, ಬರುವಂಥದ್ದಕ್ಕೆ ಬೇಕಾದ ಕಾಗದವನ್ನು ಸ್ವಂತ ಕೈಯಲ್ಲಿ ಇಟ್ಟುಕೊಳ್ಳುವುದೇ ಹೊಸ ನಾಡಿನಲ್ಲಿ ನೆಲೆಯೂರುವ ಮೊದಲ ಹೆಜ್ಜೆ.

ಊರು ಬಿಡುವ ಮುನ್ನ ಸಿದ್ಧವಾಗಬೇಕಾದವು ಐದು: ಆಧಾರ್, ಅದಕ್ಕೆ ಜೋಡಣೆಯಾದ ಚಾಲ್ತಿ ಮೊಬೈಲ್ ನಂಬರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡಿನ ಪ್ರತಿ, ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರ ಮತ್ತು ಶಾಲೆಯ ವರ್ಗಾವಣೆ ಪತ್ರ. ಮೊಬೈಲ್ ನಂಬರ್ ಹಳೆಯದಾಗಿ, ಆಧಾರ್‌ನ ಒಟಿಪಿ ಬೇರೆ ಯಾರದೋ ಫೋನಿಗೆ ಹೋಗುವ ಸ್ಥಿತಿ ಇದ್ದರೆ ಅದನ್ನು ಊರಿನಲ್ಲೇ ಸರಿಪಡಿಸಿಕೊಳ್ಳಬೇಕು. ಮುಂದೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಬ್ಯಾಂಕು ಎಲ್ಲಕ್ಕೂ ಆ ಒಂದು ಒಟಿಪಿಯೇ ಬಾಗಿಲು. ಮೂಲ ದಾಖಲೆಗಳನ್ನು ಮೇಸ್ತ್ರಿಗಾಗಲಿ, ಹಾಸ್ಟೆಲ್ ವಾರ್ಡನ್‌ಗಾಗಲಿ ಒಪ್ಪಿಸಬಾರದು. ಕೇಳಿದವರಿಗೆ ಜೆರಾಕ್ಸ್ ಸಾಕು.

ಹೋಗುವ ದಾರಿ ಎರಡು. ಚಾಮರಾಜನಗರದಿಂದ ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ ಮಾರ್ಗವಾಗಿ ಈರೋಡ್ ಅಥವಾ ತಿರುಪ್ಪೂರು ತಲುಪಬಹುದು. 27 ಕಡಿದಾದ ತಿರುವುಗಳಿರುವ ದಿಂಬಂ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹೀಗಾಗಿ ಸಾಮಾನು ಸರಂಜಾಮು ತುಂಬಿದ ಬಾಡಿಗೆ ಗಾಡಿಯಲ್ಲಿ ಸಂಜೆ ಹೊರಡುವುದು ಜಾಣತನವಲ್ಲ. ರೈಲಿನಲ್ಲಿ ಬರುವವರಿಗೆ ಬೆಂಗಳೂರಿನಿಂದ ಸೇಲಂ, ಈರೋಡ್ ಮೇಲೆ ತಿರುಪ್ಪೂರಿಗೆ ನೇರ ಗಾಡಿಗಳಿವೆ. ವೆಳ್ಳಕೋಯಿಲ್‌ಗೆ ರೈಲು ನಿಲ್ದಾಣವಿಲ್ಲ. ಈರೋಡ್, ತಿರುಪ್ಪೂರು ಅಥವಾ ಕರೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಕೆಲಸಕ್ಕೆ ಕರೆದೊಯ್ಯುವವರು ಹೆಚ್ಚಾಗಿ ಮೇಸ್ತ್ರಿ ಅಥವಾ ಏಜೆಂಟರು. ಹೊರಡುವ ಮೊದಲು ಅವರಿಂದ ನಾಲ್ಕು ಮಾತು ಬಾಯಲ್ಲಷ್ಟೇ ಅಲ್ಲ, ಬರಹದಲ್ಲಿ ಸಿಗಬೇಕು: ಮಿಲ್ಲಿನ ಹೆಸರು ಮತ್ತು ವಿಳಾಸ, ಕೆಲಸ ಯಾವುದು, ಕೂಲಿ ದಿನಕ್ಕೋ ಪೀಸಿಗೋ, ಊಟ ವಸತಿಗೆ ಎಷ್ಟು ಹಿಡಿಯುತ್ತಾರೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಪ್ರತ್ಯೇಕ ಕಾಯ್ದೆಯ ಜಾಗದಲ್ಲಿ ಈಗ ಕಾರ್ಮಿಕ ಸಂಹಿತೆಗಳಿವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ನಾಲ್ಕು ಸಂಹಿತೆಗಳ ಪ್ರಕಾರ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಅದನ್ನು ಕೇಳಿ ಪಡೆಯುವುದು ಉದ್ಧಟತನವಲ್ಲ. ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಫೋಟೋ ತೆಗೆದು, ಓದಬಲ್ಲವರಿಗೆ ಕಳಿಸಿ, ಅರ್ಥ ಮಾಡಿಕೊಂಡ ಮೇಲೆಯೇ ಸಹಿ ಹಾಕಬೇಕು.

ಎರಡು ಬಗೆಯ ಕರಾರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಮೊದಲನೆಯದು ಮುಂಗಡ. ಪವರ್‌ಲೂಮ್ ಶೆಡ್ಡುಗಳಲ್ಲಿ ಕುಟುಂಬಕ್ಕೆ ದೊಡ್ಡ ಮೊತ್ತವನ್ನು ಮುಂಗಡವಾಗಿ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿ ಕೊಯಮತ್ತೂರು, ಈರೋಡ್, ತಿರುಪ್ಪೂರು ಸೇರಿದ ಈ ಕೊಂಗು ಸೀಮೆಯಲ್ಲಿ ಹಳೆಯದು. ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಮುಂಗಡ ತೀರುವ ಮೊದಲೇ ಮತ್ತೊಂದು ಮುಂಗಡ ಬೆಳೆದು, ಶೆಡ್ಡು ಬಿಟ್ಟು ಹೋಗಲಾಗದಂತೆ ಕುಟುಂಬ ಸಿಕ್ಕಿಕೊಳ್ಳುವುದುಂಟು. ಸಾಲ ತೀರುವ ತನಕ ಬೇರೆಲ್ಲೂ ಹೋಗಕೂಡದು ಎಂದು ಯಾರನ್ನಾದರೂ ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಎರಡನೆಯದು ಹೆಣ್ಣುಮಕ್ಕಳನ್ನು ನೂಲಿನ ಗಿರಣಿಗೆ ಸೇರಿಸುವಾಗ ಹೇಳುವ ‘ಮೂರು ವರ್ಷದ ಸ್ಕೀಮು’. ಸುಮಂಗಲಿ ಎಂಬ ಹೆಸರಿನಲ್ಲಿ ಕುಖ್ಯಾತವಾದ ಈ ಏರ್ಪಾಡಿನಲ್ಲಿ ಕೂಲಿಯ ದೊಡ್ಡ ಪಾಲನ್ನು ಹಿಡಿದಿಟ್ಟು, ಮೂರು ವರ್ಷ ಮುಗಿದ ಮೇಲೆ ಮದುವೆ ಖರ್ಚಿಗೆ ಇಡಿಗಂಟಾಗಿ ಕೊಡುವುದಾಗಿ ಹೇಳುತ್ತಿದ್ದರು. ನಡುವೆ ಕಾಯಿಲೆ ಬಿದ್ದು ಊರಿಗೆ ಹೋದ ಹುಡುಗಿಗೆ ಆ ಗಂಟು ಕೈತಪ್ಪುತ್ತಿತ್ತು. ಹೆಸರು ಏನೇ ಇರಲಿ, ತಿಂಗಳ ಕೂಲಿ ತಿಂಗಳಿಗೇ ಸ್ವಂತ ಖಾತೆಗೆ ಬೀಳದ ಕರಾರನ್ನು ಒಪ್ಪಬಾರದು. ಹೆಣ್ಣುಮಕ್ಕಳು ಉಳಿಯುವ ಹಾಸ್ಟೆಲ್‌ಗೆ ತಮಿಳುನಾಡಿನ 2014ರ ಕಾಯ್ದೆಯಂತೆ ಲೈಸೆನ್ಸ್ ಇರಬೇಕು. ಅದು ಇದೆಯೇ ಎಂದು ಸೇರಿಸುವ ಮೊದಲು ತಂದೆ ತಾಯಿ ಕೇಳಬೇಕು.

ಮೊದಲ ವಾರದ ದೊಡ್ಡ ಕೆಲಸ ಮನೆ. ಕಾರ್ಮಿಕರಿಗೆ ಸಿಗುವುದು ಸಾಮಾನ್ಯವಾಗಿ ಲೈನ್ ಮನೆಗಳು: ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಒಂದು ಕೋಣೆ, ಒಂದು ಅಡುಗೆ ಮೂಲೆಯ ವಠಾರ. ತಮಿಳುನಾಡಿನ ಬಾಡಿಗೆ ಕಾಯ್ದೆ ಕರಾರು ಪತ್ರ ಬರಹದಲ್ಲಿರಬೇಕು ಎನ್ನುತ್ತದೆ. ಬೇರೆ ಕರಾರು ಇಲ್ಲದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರಬಾರದು. ಪತ್ರಕ್ಕೆ ಒಪ್ಪದ ಮಾಲೀಕರಿಂದ ಕನಿಷ್ಠ ಅಡ್ವಾನ್ಸ್ ಕೊಟ್ಟಿದ್ದಕ್ಕೆ ರಸೀದಿಯನ್ನಾದರೂ ಪಡೆಯಬೇಕು, ಇಲ್ಲವೇ ಹಣವನ್ನು ಯುಪಿಐ ಮೂಲಕ ಕಳಿಸಬೇಕು. ಮನೆ ನೋಡುವಾಗ ಕೇಳಲೇಬೇಕಾದ ಪ್ರಶ್ನೆ ನೀರಿನದು. ಈ ಸೀಮೆಯ ಕೊಳವೆಬಾವಿ ನೀರು ಬಹಳ ಕಡೆ ಉಪ್ಪು. ವಠಾರದಲ್ಲಿ ಎರಡು ನಲ್ಲಿಗಳಿದ್ದರೆ ಒಂದರಲ್ಲಿ ಪಾತ್ರೆ, ಬಟ್ಟೆಗೆ ಉಪ್ಪು ನೀರು, ಇನ್ನೊಂದರಲ್ಲಿ ಕುಡಿಯಲು ಕಾವೇರಿ ನೀರು. ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಕೊಡ ಸಿಗುತ್ತದೆ, ಯಾವ ಹೊತ್ತಿಗೆ ಬಿಡುತ್ತಾರೆ ಎಂದು ಪಕ್ಕದ ಮನೆಯ ಹೆಂಗಸರನ್ನು ಕೇಳಿದರೆ ನಿಜ ತಿಳಿಯುತ್ತದೆ. ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೋಗುವ ಮನೆಗೆ ಮಧ್ಯಾಹ್ನ ಬರುವ ನೀರು ಇದ್ದೂ ಇಲ್ಲದಂತೆ. ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ, ಯೂನಿಟ್‌ಗೆ ಎಷ್ಟು ಲೆಕ್ಕ ಹಾಕುತ್ತಾರೆ ಎಂಬುದೂ ಮೊದಲೇ ಇತ್ಯರ್ಥವಾಗಲಿ.

ಇನ್ನು ಕೂಲಿ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರದ ಕೂಲಿ, ಶನಿವಾರದ ಬಟವಾಡೆ ರೂಢಿಯಲ್ಲಿದೆ. ಟೈಲರುಗಳಿಗೆ ಪೀಸ್ ರೇಟು, ಸಹಾಯಕರಿಗೆ ಶಿಫ್ಟ್ ಲೆಕ್ಕ. ದೊಡ್ಡ ಗಿರಣಿಗಳಲ್ಲಿ ತಿಂಗಳ ಸಂಬಳ. ಕಾನೂನಿನ ಪ್ರಕಾರ ವಾರದ ಕೂಲಿ ಆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸಿಗಬೇಕು. ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನಗಳಲ್ಲಿ ತೀರಬೇಕು. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ದರ. ರಫ್ತಿನ ಆರ್ಡರ್ ಬಂದಾಗ ‘ಒಂದೂವರೆ ಶಿಫ್ಟ್’ ಮಾಡಿಸುವುದು ಇಲ್ಲಿ ಮಾಮೂಲು. ಆ ಅರ್ಧ ಶಿಫ್ಟಿಗೆ ಯಾವ ದರ ಕಟ್ಟಿದ್ದಾರೆಂದು ಚೀಟಿಯಲ್ಲಿ ನೋಡಬೇಕು. ದಿನಾಂಕ, ಶಿಫ್ಟು, ಪೀಸುಗಳ ಲೆಕ್ಕ, ಪಡೆದ ಹಣ ಇವನ್ನು ಪ್ರತಿ ರಾತ್ರಿ ಸಣ್ಣ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಯಾವ ವಕೀಲರಿಗಿಂತಲೂ ಹೆಚ್ಚು ನೆರವಾಗುತ್ತದೆ. ದೀಪಾವಳಿಗೆ ಮುಂಚೆ ಬೋನಸ್ ಕೊಡುವುದು ಇಡೀ ಸೀಮೆಯ ವಾಡಿಕೆ. ಕಾನೂನಿನಂತೆ ಕನಿಷ್ಠ ಬೋನಸ್ ವರ್ಷದ ಕೂಲಿಯ 8.33 ಶೇಕಡಾ, ಗರಿಷ್ಠ 20.

ಇಎಸ್‌ಐ ಮತ್ತು ಪಿಎಫ್ ಗಡಿ ದಾಟಿ ಬರುವ ಹಕ್ಕುಗಳಲ್ಲಿ ಮುಖ್ಯವಾದವು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಕೆಲಸಗಾರರ ಪಾಲು ಸಂಬಳದ 0.75 ಶೇಕಡಾ, ಮಾಲೀಕರ ಪಾಲು 3.25 ಶೇಕಡಾ. ಕೆಲಸದಲ್ಲಿ ಕೈಗೆ ಪೆಟ್ಟಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಕೂಲಿಯ 90 ಶೇಕಡಾದಷ್ಟು ಹಣ ಸಿಗುತ್ತದೆ. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ. ಪಿಎಫ್‌ಗೆ ಕೆಲಸಗಾರರಿಂದ 12, ಮಾಲೀಕರಿಂದ 12 ಶೇಕಡಾ. ಕೂಲಿಯಿಂದ ಹಣ ಮುರಿದ ಮಾತ್ರಕ್ಕೆ ಅದು ಖಾತೆಗೆ ಕಟ್ಟಿದಂತಾಗಲಿಲ್ಲ. ಪಿಎಫ್‌ನ 12 ಅಂಕಿಯ ಯುಎಎನ್ ನಂಬರನ್ನು ಮೊದಲ ತಿಂಗಳೇ ಪಡೆದು, ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆರೆದು ನೋಡಬೇಕು. ಹಿಂದೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೋ ಮೈಸೂರಿನಲ್ಲೋ ಪಿಎಫ್ ಇದ್ದವರು ಹಳೆಯ ಯುಎಎನ್ ಅನ್ನೇ ಕೊಡಬೇಕು. ಹತ್ತು ವರ್ಷದ ಸೇವೆ ಕೂಡಿದರೆ ಮಾತ್ರ ಪಿಂಚಣಿ ಸಿಗುವುದರಿಂದ, ಎರಡು ನಂಬರುಗಳಾದರೆ ನಷ್ಟ ಕೆಲಸಗಾರರದ್ದೇ.

ಇಲ್ಲಿ ಬಹಳ ಮಂದಿ ಎಡವುವುದು ಹೆಸರಿನಲ್ಲಿ. ತಮಿಳುನಾಡಿನಲ್ಲಿ ಇನಿಷಿಯಲ್ ಹೆಸರಿಗಿಂತ ಮೊದಲು ಬರುತ್ತದೆ ಮತ್ತು ಅದು ತಂದೆಯ ಹೆಸರಿನದು. ಮೈಸೂರು ಸೀಮೆಯ ಆಧಾರ್‌ಗಳಲ್ಲಿ ಅದು ಎಷ್ಟೋ ಸಲ ಹೆಸರಿನ ಕೊನೆಯಲ್ಲಿ ಇರುತ್ತದೆ, ಕೆಲವೊಮ್ಮೆ ಊರಿನದೂ ಆಗಿರುತ್ತದೆ. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ, ಪ, ಬಗಳಿಗೂ ಒಂದೇ. ಹೀಗಾಗಿ ಆಧಾರ್‌ನಲ್ಲಿ ‘ಮಹದೇವಸ್ವಾಮಿ ಎಸ್.’ ಆಗಿದ್ದವರು ಮಿಲ್ಲಿನ ಹಾಜರಿ ಪುಸ್ತಕದಲ್ಲಿ ‘ಎಸ್. ಮಾದೇಸ್ವಾಮಿ’ ಆಗಿಬಿಡುತ್ತಾರೆ. ಐದು ವರ್ಷದ ಮೇಲೆ ಪಿಎಫ್ ಹಣ ತೆಗೆಯಲು ಹೋದಾಗ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡಬೇಕಾಗುತ್ತದೆ. ಕಚೇರಿಯಲ್ಲಿ ಹೆಸರನ್ನು ಬಾಯಲ್ಲಿ ಹೇಳದೆ, ಆಧಾರ್ ಕಾರ್ಡ್ ಮುಂದಿಟ್ಟು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೇ ಇದ್ದಂತೆ ಬರೆಸಿಕೊಳ್ಳಬೇಕು. ಜನ್ಮ ದಿನಾಂಕಕ್ಕೂ ಇದೇ ನಿಯಮ.

ರೇಷನ್ ಕೂಡ ಗಡಿ ದಾಟುತ್ತದೆ. ‘ಒಂದು ದೇಶ, ಒಂದು ರೇಷನ್ ಕಾರ್ಡ್’ ವ್ಯವಸ್ಥೆಗೆ ತಮಿಳುನಾಡು 2020ರ ಅಕ್ಟೋಬರ್‌ನಲ್ಲಿ ಸೇರಿತು. ಕರ್ನಾಟಕದ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇರುವವರು ವೆಳ್ಳಕೋಯಿಲ್‌ನ ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಿನಲ್ಲಿ ಉಳಿದ ಮನೆಯವರು ತಮ್ಮ ಪಾಲನ್ನು ಅಲ್ಲಿಯೇ ಪಡೆಯಬಹುದು. ಕಾರ್ಡಿನ ಇ-ಕೆವೈಸಿ ಆಗಿರಬೇಕು. ಕರ್ನಾಟಕ ಸರ್ಕಾರ ಸೇರಿಸಿ ಕೊಡುವ ಹೆಚ್ಚುವರಿ ಅಕ್ಕಿ ಇಲ್ಲಿ ಸಿಗುವುದಿಲ್ಲ. ಎಪಿಎಲ್ ಕಾರ್ಡಿಗೆ ಈ ಸೌಲಭ್ಯವೇ ಇಲ್ಲ.

ಗಡಿ ದಾಟದ ಸೌಲಭ್ಯಗಳು ರಾಜ್ಯ ಸರ್ಕಾರಗಳವು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕರ್ನಾಟಕದ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಆಗಿರುವವರಿಗೆ. ಶಕ್ತಿ ಯೋಜನೆಯ ಉಚಿತ ಬಸ್ಸಿಗೆ ಕರ್ನಾಟಕ ವಿಳಾಸದ ಗುರುತುಪತ್ರ ಬೇಕು. ತಮಿಳುನಾಡು ಮಹಿಳೆಯರಿಗೆ ಕೊಡುವ ತಿಂಗಳ 1,000 ರೂಪಾಯಿಗೆ ಇಲ್ಲಿಯ ರೇಷನ್ ಕಾರ್ಡ್ ಬೇಕು, ಅದನ್ನು ಪಡೆಯಲು ಕರ್ನಾಟಕದ ಕಾರ್ಡಿನಿಂದ ಹೆಸರು ತೆಗೆಸಬೇಕು. ಆದ್ದರಿಂದ ಬಂದ ಹೊಸದರಲ್ಲೇ, ಯಾರೋ ಹೇಳಿದರೆಂದು ಆಧಾರ್ ವಿಳಾಸವನ್ನೂ ರೇಷನ್ ಕಾರ್ಡನ್ನೂ ಬದಲಿಸಲು ಓಡಬಾರದು. ಒಂದೆರಡು ವರ್ಷ ನೋಡಿ, ಇಲ್ಲೇ ಉಳಿಯುವುದು ಖಚಿತವಾದ ಮೇಲೆ ಬದಲಿಸುವುದು ಲೇಸು. ಮತದಾರರ ಪಟ್ಟಿಯಲ್ಲಿ ಮಾತ್ರ ಎರಡು ಕಡೆ ಹೆಸರು ಇರಕೂಡದು. 2021ರ ಮೇ ತಿಂಗಳಿನಿಂದ ತಮಿಳುನಾಡಿನ ಸಾಮಾನ್ಯ ದರದ ಸರ್ಕಾರಿ ಟೌನ್ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರ ಇಲ್ಲ. ಎಕ್ಸ್‌ಪ್ರೆಸ್ ಮತ್ತು ಖಾಸಗಿ ಬಸ್ಸಿಗೆ ಇದು ಅನ್ವಯಿಸದು.

ಆರೋಗ್ಯದ ವಿಷಯದಲ್ಲಿ ಹತ್ತಿಯ ಧೂಳು ಮೊದಲ ಶತ್ರು. ನೂಲಿನ ಗಿರಣಿಯ ಬ್ಲೋ ರೂಮ್, ಕಾರ್ಡಿಂಗ್ ವಿಭಾಗಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು, ವಾರದ ಕೊನೆಗೆ ಸಡಿಲವಾಗುವುದು ಅದರ ಆರಂಭದ ಲಕ್ಷಣ. ಇದು ಇಎಸ್‌ಐ ಕಾನೂನು ಒಪ್ಪಿದ ವೃತ್ತಿಜನ್ಯ ರೋಗ. ಸಿಗರೇಟು, ಚಳಿ ಎಂದು ತಳ್ಳಿಹಾಕದೆ, ಯಾವ ವಿಭಾಗದಲ್ಲಿ ಎಷ್ಟು ವರ್ಷ ದುಡಿದಿದ್ದು ಎಂದು ವೈದ್ಯರಿಗೆ ಹೇಳಬೇಕು. ರಸ್ತೆ ಅಪಘಾತವಾದರೆ 108ಕ್ಕೆ ಕರೆ. ತಮಿಳುನಾಡಿನ ನೆಲದಲ್ಲಿ ಅಪಘಾತಕ್ಕೀಡಾದವರಿಗೆ, ಹೊರ ರಾಜ್ಯದವರಾದರೂ, ಇದಕ್ಕಾಗಿ ಇರುವ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಯ ಚಿಕಿತ್ಸೆಯನ್ನು ನಿಗದಿತ ಮಿತಿಯೊಳಗೆ ಸರ್ಕಾರ ಭರಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಶುರುವಾದ ಈ ಏರ್ಪಾಡು ಗೊತ್ತಿಲ್ಲದೆ ಸಾಲ ಮಾಡಬಾರದು.

ಮಕ್ಕಳನ್ನು ಕರೆತರುವವರು ಶಾಲೆಯ ವರ್ಷದ ಆರಂಭಕ್ಕೆ, ಅಂದರೆ ಜೂನ್ ಹೊತ್ತಿಗೆ ಬರುವುದು ಒಳ್ಳೆಯದು. ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 1ರಿಂದ 5ನೇ ತರಗತಿಯವರಿಗೆ ಬೆಳಗಿನ ತಿಂಡಿಯೂ ಮಧ್ಯಾಹ್ನದ ಊಟವೂ ಉಂಟು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ತಾಳವಾಡಿ, ಹೊಸೂರು ಕಡೆ ಇವೆ. ಕೊಂಗು ಬಯಲಿನ ಈ ಭಾಗದಲ್ಲಿ ಅವನ್ನು ನೆಚ್ಚುವಂತಿಲ್ಲ. 2006ರ ಕಾಯ್ದೆಯಂತೆ ಶಾಲೆಯಲ್ಲಿ ತಮಿಳು ಕಲಿಯುವುದು ಕಡ್ಡಾಯ. ಚಿಕ್ಕ ಮಕ್ಕಳು ಒಂದು ವರ್ಷದಲ್ಲಿ ಹೊಂದಿಕೊಳ್ಳುತ್ತಾರೆ. ಎಂಟು, ಒಂಬತ್ತನೇ ತರಗತಿಯವರಿಗೆ ಹೊಸ ಲಿಪಿ ಭಾರವಾಗುತ್ತದೆ. ಅಂಥವರನ್ನು ಹತ್ತನೇ ತರಗತಿ ಮುಗಿಯುವವರೆಗೆ ಊರಿನ ಹಾಸ್ಟೆಲಿನಲ್ಲೋ ಅಜ್ಜಿ ಮನೆಯಲ್ಲೋ ಬಿಡುವುದನ್ನು ಯೋಚಿಸಬೇಕು. ಮನೆಯಲ್ಲಿ ಕನ್ನಡ ಓದು ಬರಹ ಕಲಿಸುವ ಹೊಣೆ ಹೆತ್ತವರದೇ.

ದೊಡ್ಡವರಿಗೆ ತಮಿಳು ಮಾತು ಬೇಗ ಹತ್ತುತ್ತದೆ. ಕೊಂಗು ಸೀಮೆಯಲ್ಲಿ ಮರ್ಯಾದೆಯ ಮಾತಿಗೆ ಬೆಲೆ ಹೆಚ್ಚು. ‘ವಾ’, ‘ಸೊಲ್ಲು’ ಎನ್ನುವ ಕಡೆ ‘ವಾಂಗ’, ‘ಸೊಲ್ಲುಂಗ’ ಎಂದರೆ, ಹೆಸರಿನ ಬದಲು ಅಣ್ಣ, ಅಕ್ಕ ಎಂದರೆ ಅರ್ಧ ಕೆಲಸ ಆದಂತೆ. ಓದುವುದನ್ನು ಬಸ್ಸಿನ ಬೋರ್ಡುಗಳಿಂದ ಶುರು ಮಾಡಬಹುದು. ಹಾಗೆಂದು ಕನ್ನಡ ಇಲ್ಲಿ ಕೇಳಿಸುವುದೇ ಇಲ್ಲ ಎಂದಲ್ಲ. ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡದ ಮನೆಮಾತು ಉಳಿದಿದೆ. ಚೌಡೇಶ್ವರಿಯ ಒಕ್ಕಲಾದ ಈ ಜನ ತಲೆಮಾರುಗಳಿಂದ ಕೊಂಗು ಸೀಮೆಯಲ್ಲಿದ್ದಾರೆ, ಅವರ ಕನ್ನಡದಲ್ಲಿ ತಮಿಳು ಬೆರೆತಿದೆ, ಓದು ಬರಹವೆಲ್ಲ ತಮಿಳಿನಲ್ಲೇ. ಮಗ್ಗದ ಕೆಲಸದ ಸೂಕ್ಷ್ಮ ಕಲಿಯಲು ಅಂಥವರ ನೆರವು ಸಿಕ್ಕರೆ ಅದೃಷ್ಟ.

ನೆರೆಹೊರೆಯ ನಡುವೆ ಗಾಳಿಸುದ್ದಿ ದೊಡ್ಡ ಅಪಾಯ. 2023ರ ಮಾರ್ಚ್‌ನಲ್ಲಿ ಬಿಹಾರದ ಕಾರ್ಮಿಕರ ಮೇಲೆ ತಮಿಳುನಾಡಿನಲ್ಲಿ ಹಲ್ಲೆಯಾಗುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹರಡಿ ಅನೇಕರು ಹೆದರಿ ಊರಿಗೆ ಹೊರಟರು. ಕಾವೇರಿ ನೀರಿನ ಗಲಾಟೆಯ ಕಾಲದಲ್ಲೂ ಇಂಥದೇ ಸಂದೇಶಗಳು ಓಡಾಡುತ್ತವೆ. ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡದೆ, ಪೊಲೀಸ್ ಠಾಣೆಗೋ 112ಕ್ಕೋ ಕೇಳಿ ತಿಳಿಯಬೇಕು. ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ಮು ಯಾರಿಗೂ ‘ಸ್ವಲ್ಪ ದಿನಕ್ಕೆ’ ಕೊಡಕೂಡದು. ವಂಚನೆಯ ಹಣ ಆ ಖಾತೆಯಲ್ಲಿ ಹಾದರೆ ಪೊಲೀಸರು ಬರುವುದು ಖಾತೆದಾರರ ಮನೆಗೇ.

ಕೂಲಿ ತಡೆದರೆ ಮೊದಲು ಮಿಲ್ಲಿನ ಕಚೇರಿಗೆ ಬರಹದಲ್ಲಿ ಕೇಳಬೇಕು, ಆಮೇಲೆ ತಿರುಪ್ಪೂರಿನ ಕಾರ್ಮಿಕ ಇಲಾಖೆ. ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಮಹಿಳೆಯರಿಗೆ 181, ಮಕ್ಕಳಿಗೆ 1098, ಸೈಬರ್ ವಂಚನೆಗೆ 1930.

ಈ ಸೀಮೆಯ ಕೆಲಸ ಏಕಪ್ರಕಾರ ಇರುವುದಿಲ್ಲ. ನೊಯ್ಯಲ್ ನದಿಯ ಮಾಲಿನ್ಯದ ಕಾರಣ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. 2020ರಲ್ಲಿ ಲಾಕ್‌ಡೌನ್ ಬಂತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ 50 ಶೇಕಡಾ ಸುಂಕ ಹಾಕಿದಾಗ ರಫ್ತಿನ ಕಂಪನಿಗಳು ತತ್ತರಿಸಿದವು. ಇಂಥ ಹೊತ್ತಿನಲ್ಲಿ ಬಾಕಿ ಕೂಲಿ, ಪಿಎಫ್, ಪರಿಹಾರ ಕೇಳಲು ಬರುವುದು ದಾಖಲೆ ಇದ್ದವರಿಗೆ ಮಾತ್ರ. ಎರಡು ತಿಂಗಳ ಖರ್ಚಿನಷ್ಟು ಉಳಿತಾಯ ಖಾತೆಯಲ್ಲಿರಲಿ. ನೇಮಕಾತಿ ಪತ್ರ, ಯುಎಎನ್, ಇಎಸ್‌ಐ ನಂಬರ್, ಕೂಲಿ ಚೀಟಿ, ಬಾಡಿಗೆ ರಸೀದಿ ಈ ಐದರ ಫೋಟೋ ಸ್ವಂತ ಫೋನಿನಲ್ಲೂ ಊರಿನ ಮನೆಯವರ ಫೋನಿನಲ್ಲೂ ಇರಲಿ. ಮೊದಲೇ ಬಂದು ನೆಲೆ ಕಂಡವರು, ಹೊಸದಾಗಿ ಬರುವ ಊರಿನವರಿಗೆ ಮೊದಲ ತಿಂಗಳಿನಲ್ಲೇ ಇಷ್ಟನ್ನು ಮಾಡಿಸಿಕೊಡಬೇಕೆಂದು ವಿನಂತಿ.